ಹೆಸರಿಲ್ಲದ ವಿಶ್ವವಿದ್ಯಾನಿಲಯ, ಹೆಸರಿಲ್ಲದ ನಾವು



ನಮ್ಮದೇ ಒಂದು ಸುಳ್ಳು ಒಪ್ಪಿಕೊಂಡು ಈ ಮಾತು ಶುರು ಮಾಡುತ್ತೇವೆ. ಮದುವೆ ಮನೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾರಾದರೂ 'ಎಲ್ಲಿ ಓದ್ತಾ ಇದ್ದೀಯಪ್ಪ?' ಅಂತ ಕೇಳಿದರೆ ನಮ್ಮಲ್ಲಿ ಹಲವರು 'ಮೈಸೂರು ಯೂನಿವರ್ಸಿಟಿ' ಅಂದುಬಿಡುತ್ತಿದ್ದೆವು. 'ಓಹೋ, ಗಂಗೋತ್ರಿನಾ?' ಅನ್ನುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ನಾವು ಓದುತ್ತಿದ್ದದ್ದು ಮಾನಸಗಂಗೋತ್ರಿಯಲ್ಲಿ ಅಲ್ಲ. ಅಲ್ಲಿಂದ ಅರವತ್ತು ಕಿಲೋಮೀಟರು ಆಚೆ, ಚಾಮರಾಜನಗರದ ಸುವರ್ಣ ಗಂಗೋತ್ರಿಯಲ್ಲಿ. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಅಂಕಪಟ್ಟಿಯ ತಲೆಯ ಮೇಲೆ ಮೈಸೂರು ಅಂತಲೇ ಇತ್ತು. ಹಾಗಾಗಿ ಪೂರಾ ಸುಳ್ಳೂ ಅಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು.

ಆದರೆ ಆ ಕೇಂದ್ರಕ್ಕೆ ಇಟ್ಟಿದ್ದ ಹೆಸರು ಯಾರದು ಗೊತ್ತೆ? ಡಾ. ಬಿ.ಆರ್. ಅಂಬೇಡ್ಕರ್ ಅವರದು. ಬಾಬಾಸಾಹೇಬರ ಹೆಸರು ನುಂಗಿಕೊಂಡು ಮಹಾರಾಜರ ಊರಿನ ಹೆಸರು ಹೇಳಿದೆವು. ಹಾಸ್ಟೆಲ್ ಗೋಡೆಗೆ ಅವರ ಫೋಟೋ ತಗುಲಿಹಾಕಿಕೊಂಡವರು ನಾವೇ. ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದ್ದು ಕುಣಿದವರೂ ನಾವೇ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಪರಿಚಿತನ ಮುಂದೆ ನಾಲಗೆ ಹೊರಳಿದವರೂ ನಾವೇ.

ಈಚೆಗೆ ಒಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಾಗ ಈ ನೆನಪು ಚುಚ್ಚಿತು. ಹನೂರು ಕಡೆಯ ಒಬ್ಬ ತಂಗಿ ಬಿ.ಎ. ಮುಗಿಸಿ ಎಂ.ಎ. ಅರ್ಜಿ ಹಿಡಿದು ಬಂದಿದ್ದಳು. ಜಿಲ್ಲೆಯಲ್ಲೇ ಓದಲೋ, ದೂರ ಹೋಗಲೋ ಅಂತ ಕೇಳುವುದಕ್ಕೆ. ಅವಳು ಬಾಯಿ ಬಿಡುವ ಮೊದಲೇ ನಮ್ಮ ಗೆಳೆಯನೊಬ್ಬ, ಅವನೂ ನಮ್ಮ ಕೇರಿಯವನೇ, ನಕ್ಕುಬಿಟ್ಟ. 'ಅದೂ ಒಂದು ಯೂನಿವರ್ಸಿಟಿನಾ? ಅಲ್ಲಿ ಓದಿದ್ರೆ ಯಾರು ಮೂಸಿ ನೋಡ್ತಾರೆ?' ಆ ತಂಗಿ ಏನೂ ಅನ್ನಲಿಲ್ಲ. ಅರ್ಜಿ ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಕ್ಕೆ ಇಟ್ಟುಕೊಂಡಳು. ಆ ಮಡಿಕೆಗೆ ಉತ್ತರ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಹೆಸರು ಅನ್ನೋದು ಎಲ್ಲಿಂದ ಬರುತ್ತೆ?

ನಮ್ಮ ಅಪ್ಪಂದಿರನ್ನು ಊರಿನವರು ಹೆಸರು ಹಿಡಿದು ಕರೆಯಲಿಲ್ಲ. 'ಏ ಬಾರ್ಲಾ ಇಲ್ಲಿ' ಅಂದರು. ಹೊಲದಲ್ಲಿ ದುಡಿಯೋದಕ್ಕೆ ಹೆಸರು ಬೇಕಿರಲಿಲ್ಲ. ಕೂಲಿ ಲೆಕ್ಕಕ್ಕೆ ತಲೆ ಎಣಿಸಿದರೆ ಸಾಕಿತ್ತು. ಅಂಥವರ ಮಕ್ಕಳು ನಾವು ಇವತ್ತು ಒಂದು ವಿಶ್ವವಿದ್ಯಾನಿಲಯವನ್ನು ನೋಡಿ 'ಇದಕ್ಕೆ ಹೆಸರಿಲ್ಲ' ಅಂತ ಮೂಗು ಮುರಿಯುತ್ತಿದ್ದೇವೆ. ಹೆಸರಿಲ್ಲದ್ದು ತುಚ್ಛ ಅನ್ನುವ ಪಾಠ ಯಾರು ಕಲಿಸಿದ್ದು? ನಮ್ಮನ್ನು ಹೆಸರು ಹಿಡಿದು ಕರೆಯದವರೇ ಕಲಿಸಿದ್ದು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಹುಟ್ಟಿದಾಗ ಅದರ ಕೈಯಲ್ಲಿ ಎಷ್ಟು ಕಾಲೇಜಿದ್ದವು? ಎರಡು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಷ್ಟೆ. ಮಾನಸಗಂಗೋತ್ರಿ ಅನ್ನುವ ಕ್ಯಾಂಪಸ್ಸು ಬಂದದ್ದು 1960ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ ಕಂಡ ಕನಸು ಅದು. 1916ರಿಂದ 1960, ನಲವತ್ನಾಲ್ಕು ವರ್ಷ. ಅಷ್ಟೂ ವರ್ಷ ಸಂಸ್ಥಾನದ ಬೊಕ್ಕಸದಿಂದ, ಆಮೇಲೆ ಸರ್ಕಾರದ ಬೊಕ್ಕಸದಿಂದ ದುಡ್ಡು ಹರಿದಿದೆ. ಆ ಬೊಕ್ಕಸಕ್ಕೆ ಕಂದಾಯ ಕಟ್ಟಿದ ನೆಲದಲ್ಲಿ ಬಗ್ಗಿ ದುಡಿದವರು ಯಾರು? ನಮ್ಮ ತಾತ ಮುತ್ತಾತಂದಿರು. ಆ ಹೆಸರಿನ ಇಟ್ಟಿಗೆಯಲ್ಲಿ ನಮ್ಮ ಬೆವರೂ ಇದೆ. ಆದರೆ ಒಳಗೆ ಕೂತು ಓದಿದವರಲ್ಲಿ ನಾವು ಎಷ್ಟು ಜನ ಇದ್ದೆವು?

ಸಂಸ್ಥಾನದ ನೌಕರಿಯಲ್ಲಿ ಒಂದೇ ಜಾತಿ ತುಂಬಿಕೊಂಡಿದೆ ಅನ್ನುವ ಕೂಗು ಎದ್ದಾಗ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹಿಂದುಳಿದವರಿಗೆ ಪಾಲು ಕೊಡಬೇಕು ಅಂತ ಆ ಸಮಿತಿ ಹೇಳಿತು. ಆಗಲೂ ಎದ್ದ ವಾದ 'ಅರ್ಹತೆ ಕೆಟ್ಟುಹೋಗುತ್ತೆ' ಅನ್ನೋದೇ. ನೂರು ವರ್ಷ ಕಳೆದರೂ ಅದೇ ತಟ್ಟೆ ಹಾಡುತ್ತಿದೆ. ಮೀಸಲಾತಿ ಬಂದಾಗ ಅರ್ಹತೆ ಕೆಟ್ಟಿತು ಅಂದರು. ಜಿಲ್ಲೆಗೆ ವಿಶ್ವವಿದ್ಯಾನಿಲಯ ಬಂದಾಗ ಗುಣಮಟ್ಟ ಕೆಟ್ಟಿತು ಅಂತಾರೆ. ನಾವು ಬಾಗಿಲ ಹತ್ತಿರ ಬಂದಾಗೆಲ್ಲ ಮನೆ ಹಳತಾಗಿದೆ ಅನ್ನುವ ಯಜಮಾನರು ಇವರು.

ಬೋರ್ಡು ಹಾಕಿದವರು, ಬೋರ್ಡು ಕೀಳುವವರು

ಚಾಮರಾಜನಗರದ ಕತೆ ಕೇಳಿ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಗೆ ಕುರ್ಚಿ ಹೋಗುತ್ತೆ ಅಂತ ಒಂದು ಮೂಢನಂಬಿಕೆ ವರ್ಷಗಟ್ಟಲೆ ಇತ್ತು. ವಿಧಾನಸೌಧದಲ್ಲಿ ಕೂತ ದೊಡ್ಡ ದೊಡ್ಡವರು ಆ ಊರಿಗೆ ಬರೋದಕ್ಕೆ ಹೆದರಿದರು. 2013ರ ನಂತರ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ಮಾತು ಮುರಿದರು ಅನ್ನೋದನ್ನೂ ಹೇಳಬೇಕು, ಸತ್ಯ ಸತ್ಯವೇ. ಆದರೆ ಒಂದು ಇಡೀ ಜಿಲ್ಲೆಯನ್ನು ಅಪಶಕುನ ಅಂತ ಮುಟ್ಟದೆ ಇಟ್ಟರಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. 2011ರ ಜನಗಣತಿ ತೆಗೆದು ನೋಡಿ. ಆ ಜಿಲ್ಲೆಯ ನೂರು ಜನರಲ್ಲಿ 25 ಜನ ಪರಿಶಿಷ್ಟ ಜಾತಿಯವರು, ಸುಮಾರು 12 ಜನ ಪರಿಶಿಷ್ಟ ಪಂಗಡದವರು. ಸೋಲಿಗರು ಇರುವ ಕಾಡು, ನೀಲಗಾರರು ಮಂಟೇಸ್ವಾಮಿಯನ್ನು ಹಾಡುವ ನೆಲ. ಇಂಥ ಕಡೆ ಒಂದು ವಿಶ್ವವಿದ್ಯಾನಿಲಯ ಅಂದರೆ ಅದು ಯಾರಿಗೆ ಹತ್ತಿರ ಬರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

2022ರಲ್ಲಿ ಕಾನೂನು ತಂದು 2023ರಲ್ಲಿ ಏಳು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾನಿಲಯ ತೆರೆದರು. ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ. ಬಹುತೇಕ ಕಡೆ ಹೊಸ ಕಟ್ಟಡ ಏನಿಲ್ಲ, ಹಳೆಯ ಸ್ನಾತಕೋತ್ತರ ಕೇಂದ್ರಕ್ಕೆ ಹೊಸ ಬೋರ್ಡು. ಅದೇ ಮೇ ತಿಂಗಳಲ್ಲಿ ಚುನಾವಣೆ ಇತ್ತು ಅನ್ನೋದನ್ನು ಮರೆಯಬೇಡಿ. ಬೋರ್ಡು ಹಾಕಿದವರು ಅದರ ಹಿಂದೆ ದುಡ್ಡು ಇಡಲಿಲ್ಲ, ಖಾಯಂ ಮೇಷ್ಟ್ರನ್ನು ಕೊಡಲಿಲ್ಲ. ಆಮೇಲೆ ಸರ್ಕಾರ ಬದಲಾಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಕೂತು, ಈಚೆಗೆ ಹುಟ್ಟಿದ ಹತ್ತು ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂತ ಶಿಫಾರಸು ಮಾಡಿತು. ಆ ಒಂಬತ್ತರಲ್ಲಿ ಚಾಮರಾಜನಗರವೂ ಒಂದು. ಉಳಿಸಬೇಕು ಅಂದದ್ದು ಬೀದರ್ ಒಂದನ್ನೇ. ಅದರಡಿ ಕಾಲೇಜುಗಳು ಹೆಚ್ಚಿವೆ ಅನ್ನೋದು ಕಾರಣ. ಉಳಿದವಕ್ಕೆ ದುಡ್ಡಿಲ್ಲ, ಕಾಲೇಜು ಕಡಿಮೆ ಅಂದರು.

ಎರಡು ಕಾಲೇಜು ಇಟ್ಟುಕೊಂಡು ಹುಟ್ಟಿದ ಮೈಸೂರಿಗೆ ನಲವತ್ನಾಲ್ಕು ವರ್ಷ ಕಾದರು. ನಮ್ಮ ಜಿಲ್ಲೆಗೆ ಎರಡೇ ವರ್ಷ ಕೊಟ್ಟರು. ಹುಟ್ಟಿದ ಕೂಸಿಗೆ ಹಾಲು ಕೊಡದೆ, ಎರಡು ವರ್ಷಕ್ಕೆ ತೂಕ ಮಾಡಿ, ಇದು ಬೆಳೆದಿಲ್ಲ ಅಂತ ತೀರ್ಪು ಹೇಳುವ ನ್ಯಾಯ ಯಾವುದು? ಹಾಲು ಕೊಡದವರದೂ ತಪ್ಪು, ತಕ್ಕಡಿ ಹಿಡಿದವರದೂ ತಪ್ಪು. ನಾವು ಯಾವ ಪಾರ್ಟಿಯ ಬಾವುಟವನ್ನೂ ಹೊತ್ತವರಲ್ಲ. ಬೋರ್ಡು ಯಾವುದಾದರೂ ಇರಲಿ, ಮೈಸೂರಿನದೋ ಚಾಮರಾಜನಗರದ್ದೋ, ಆ ಕ್ಯಾಂಪಸ್ಸು ಉಳಿಯಬೇಕು, ಅದರ ಕ್ಲಾಸಿನಲ್ಲಿ ಖಾಯಂ ಮೇಷ್ಟ್ರು ನಿಂತು ಪಾಠ ಮಾಡಬೇಕು. ಕೇಳುತ್ತಿರುವುದು ಇಷ್ಟೇ.

ತೂಕ ಹಾಕಿ ನೋಡೋಣ

ಈಗ ಆ ತಂಗಿಯ ಪ್ರಶ್ನೆಗೆ ಬರೋಣ. ಭಾಷಣ ಹೊಡೆದು ಜಾರಿಕೊಳ್ಳೋದು ಬೇಡ. ಪದ್ಯ ಬರೆಯೋರಿಗೆ ಲೆಕ್ಕ ಬರೋದಿಲ್ಲ ಅಂತ ನಗಬೇಡಿ, ಕೂಲಿಯವರ ಮಕ್ಕಳಿಗೆ ಲೆಕ್ಕ ಹುಟ್ಟಿನಿಂದಲೇ ಬರುತ್ತೆ.

ಹತ್ತಿರದ, ಹೆಸರಿಲ್ಲದ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಓದಿದರೆ ಸಿಗೋದೇನು?

ಮೊದಲನೆಯದು, ಓದೇ ಸಿಗುತ್ತೆ. ಇದು ಸಣ್ಣ ಮಾತಲ್ಲ. ನಮ್ಮ ಕೇರಿಗಳಲ್ಲಿ ಬಿ.ಎ. ಮುಗಿಸಿದ ಹೆಣ್ಣುಮಕ್ಕಳು ಎಷ್ಟು ಜನ ಮನೆಯಲ್ಲಿ ಕೂತಿಲ್ಲ? ಮೈಸೂರಿಗೆ ಕಳಿಸು ಅಂದರೆ ಅವ್ವ ಹೆದರುತ್ತಾಳೆ, ಬೆಂಗಳೂರು ಅಂದರೆ ಅಪ್ಪ ಬಾಯೇ ಬಿಡೋದಿಲ್ಲ. ಅದೇ ಜಿಲ್ಲೆಯಲ್ಲೇ ಅಂದರೆ 'ದಿನಾ ಮನ್ಗೆ ಬತ್ತೀಯಲ್ಲ ಮಗಾ, ಹಂಗಾರೆ ಓಗು' ಅನ್ನುತ್ತಾಳೆ. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಕೊಳ್ಳೇಗಾಲದಿಂದಲೋ ಯಳಂದೂರಿನಿಂದಲೋ ಗುಂಡ್ಲುಪೇಟೆಯಿಂದಲೋ ಒಂದು ಹುಡುಗಿ ಆಧಾರ್ ಕಾರ್ಡು ತೋರಿಸಿ ಎಂ.ಎ. ಕ್ಲಾಸಿಗೆ ಬಂದು ಕೂರಬಹುದು. ದೊಡ್ಡ ಹೆಸರಿನ ಕ್ಯಾಂಪಸ್ಸಿಗೂ ಚಿಕ್ಕ ಹೆಸರಿನ ಕ್ಯಾಂಪಸ್ಸಿಗೂ ನಡುವೆ ಆಯ್ಕೆ ಇರೋದು ಕೆಲವರಿಗೆ ಮಾತ್ರ. ಬಹಳ ಜನರಿಗೆ ಇರೋ ಆಯ್ಕೆ ಚಿಕ್ಕ ಹೆಸರಿನ ಕ್ಯಾಂಪಸ್ಸು ಅಥವಾ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟು.

ಎರಡನೆಯದು, ಡಿಗ್ರಿಗೆ ಬೆಲೆ. ಶಾಸನಸಭೆಯ ಕಾನೂನಿನಿಂದ ಹುಟ್ಟಿದ ರಾಜ್ಯ ವಿಶ್ವವಿದ್ಯಾನಿಲಯ ಕೊಡುವ ಡಿಗ್ರಿ ಡಿಗ್ರಿಯೇ. ಕೆ.ಪಿ.ಎಸ್.ಸಿ. ಅರ್ಜಿಯಲ್ಲಿ ಅಂಗೀಕೃತ ವಿಶ್ವವಿದ್ಯಾನಿಲಯದ ಪದವಿ ಕೇಳುತ್ತಾರೆ, ಅದಕ್ಕೆ ಎಷ್ಟು ಗೋಪುರ ಇದೆ ಅಂತ ಕೇಳೋದಿಲ್ಲ. ನೆಟ್ ಪರೀಕ್ಷೆಯ ಪತ್ರಿಕೆ ಮಾನಸಗಂಗೋತ್ರಿಯವರಿಗೆ ಒಂದು, ಸುವರ್ಣ ಗಂಗೋತ್ರಿಯವರಿಗೆ ಒಂದು ಅಂತ ಇಲ್ಲ. ಎಂ.ಎ.ಯಲ್ಲಿ ನಮಗೆ ನೂರಕ್ಕೆ ಐವತ್ತು ಇದ್ದರೆ ಕೂರಬಹುದು. ಜೆ.ಆರ್.ಎಫ್. ಆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಅಂತ ನಿಗದಿಯಾಗಿದೆ. ನಮ್ಮ ಅಪ್ಪಂದಿರು ಒಟ್ಟಿಗೆ ಕಾಣದ ದುಡ್ಡು ಅದು, ಅದೂ ಓದೋದಕ್ಕೆ.

ಮೂರನೆಯದು, ದುಡ್ಡು. ಪ್ರೈವೇಟ್ ಯೂನಿವರ್ಸಿಟಿಗಳ ಬಣ್ಣದ ಬೋರ್ಡು ಈಗ ಹೈವೇ ಉದ್ದಕ್ಕೂ ನಿಂತಿವೆ. ಅವಕ್ಕೂ ಹೆಸರಿಲ್ಲ, ಆದರೆ ಜಾಹೀರಾತಿದೆ. ಸಾಲ ಮಾಡಿ, ಇದ್ದ ಒಂದು ಎಕರೆ ಒತ್ತೆ ಇಟ್ಟು ಅಲ್ಲಿಗೆ ಮಕ್ಕಳನ್ನು ಕಳಿಸಿದ ಮನೆಗಳನ್ನು ನಾವು ಕಂಡಿದ್ದೇವೆ. 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿದ್ದ ಕಾಲದಲ್ಲಿ ಶುರುವಾದದ್ದು ನಮ್ಮ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಸರ್ಕಾರಿ ವಿಶ್ವವಿದ್ಯಾನಿಲಯದ ಶುಲ್ಕ ಅದರ ಅಳತೆಯೊಳಗೆ ಇರುತ್ತೆ. ನೆಲ ಮಾರದೆ ಓದುವ ದಾರಿ ಇದೊಂದೇ.

ಈಗ ಕಳೆದುಕೊಳ್ಳೋದೇನು? ಅದನ್ನು ಮುಚ್ಚಿಟ್ಟರೆ ನಾವೂ ಆ ಬೋರ್ಡು ಹಾಕಿದವರ ಹಾಗೇ ಆಗುತ್ತೇವೆ.

ಮೇಷ್ಟ್ರನ್ನು ಕಳೆದುಕೊಳ್ಳುತ್ತೀರಿ. ಹೊಸ ಕ್ಯಾಂಪಸ್ಸುಗಳಲ್ಲಿ ಪಾಠ ನಡೆಯುತ್ತಿರುವುದು ಹೆಚ್ಚಾಗಿ ಅತಿಥಿ ಉಪನ್ಯಾಸಕರ ಮೇಲೆ. ಅವರಲ್ಲಿ ಬಹಳ ಜನ ಒಳ್ಳೆಯವರು, ಓದಿದವರು, ನಮ್ಮ ಜನವೇ. ಆದರೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅನ್ನುವ ಮನುಷ್ಯ ಎರಡು ವರ್ಷದ ಮುಂದಿನ ಮಾತು ಹೇಗೆ ಆಡಿಯಾನು? ಅತಿಥಿ ಅಂತೆ! ಹತ್ತು ವರ್ಷ ಬಂದು ಪಾಠ ಮಾಡಿದರೂ ಅತಿಥಿ. ನಮ್ಮೂರಲ್ಲಿ ಅತಿಥಿಗೆ ಮೊದಲು ಚೊಂಬು ನೀರಾದರೂ ಕೊಡುತ್ತಾರೆ.

ಪುಸ್ತಕ ಕಳೆದುಕೊಳ್ಳುತ್ತೀರಿ. ನಾವು ಕಂಡ ಒಂದು ಕ್ಯಾಂಪಸ್ಸಿನಲ್ಲಿ, ಹೆಸರು ಬೇಡ, ಲೈಬ್ರರಿಗೆ ಸಂಜೆ ಐದಕ್ಕೇ ಬೀಗ. ಹಾಸ್ಟೆಲ್ ಹುಡುಗರಿಗೆ ಬಿಡುವಾಗುವ ಹೊತ್ತಿಗೆ ಪುಸ್ತಕ ಮಲಗಿರುತ್ತಿತ್ತು. ಮಹಾರಾಜಾ ಕಾಲೇಜಿನ ಸುತ್ತ ನೂರು ವರ್ಷದಿಂದ ಕೂಡಿಬಂದ ಪುಸ್ತಕ, ಸಭೆ, ನಾಟಕ, ಜಗಳ, ಟೀ ಅಂಗಡಿಯ ಹರಟೆ, ಇವು ಒಂದು ಹೊಸ ಕಟ್ಟಡಕ್ಕೆ ಆದೇಶದಿಂದ ಬರೋದಿಲ್ಲ. ಮೈಸೂರಿನಲ್ಲಿ ಓದಿದವನಿಗೆ ಕ್ಲಾಸಿನ ಹೊರಗೆ ಸಿಗುವ ವಿದ್ಯೆ ನಮಗೆ ಸಿಗಲಿಲ್ಲ. ಅದು ನಿಜವಾದ ನಷ್ಟ.

ಊರಿನ ಕಣ್ಣನ್ನು ಹೊತ್ತುಕೊಂಡೇ ಓದಬೇಕಾಗುತ್ತೆ, ಇದು ಮೂರನೆಯ ನಷ್ಟ. ದೂರದ ಊರಿಗೆ ಹೋದವನಿಗೆ ಒಂದು ಬಿಡುಗಡೆ ಇದೆ. ಅಲ್ಲಿ ಅವನು ಯಾವ ಕೇರಿಯವನು ಅಂತ ಮೊದಲ ದಿನವೇ ಯಾರಿಗೂ ಗೊತ್ತಿರೋದಿಲ್ಲ. ಜಿಲ್ಲೆಯ ಕ್ಯಾಂಪಸ್ಸಿನಲ್ಲಿ ಊರಿನ ಯಜಮಾನನ ಮಗ ಪಕ್ಕದ ಬೆಂಚಿನಲ್ಲೇ ಇರುತ್ತಾನೆ, ಊರಿನ ಮರ್ಯಾದೆ ಕ್ಲಾಸಿಗೂ ಬಂದಿರುತ್ತೆ. 'ನಮ್ಮನೇಲಿ ಕೂಲಿಗೆ ಬರೋರ ಮಗಳು' ಅನ್ನುವ ಪಿಸುಮಾತು ಬೆನ್ನ ಹಿಂದೆಯೇ ಇರುತ್ತೆ.

ದೊಡ್ಡ ಹೆಸರು ಕಾಯುತ್ತದೆಯೆ?

ಹಾಗಾದರೆ ದೊಡ್ಡ ಕ್ಯಾಂಪಸ್ಸಿಗೆ ಹೋದರೆ ಜಾತಿ ಬಿಡುತ್ತದೆ ಅಂತಲೆ? ರೋಹಿತ್ ವೇಮುಲ ಓದುತ್ತಿದ್ದದ್ದು ಹೆಸರಾಂತ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ, ಹೈದರಾಬಾದಿನಲ್ಲಿ. 2016ರ ಜನವರಿ 17ರಂದು ಅವನನ್ನು ಕಳೆದುಕೊಂಡೆವು. ಡಾ. ಪಾಯಲ್ ತಡವಿ ಮುಂಬಯಿಯಂಥ ಮಹಾನಗರದಲ್ಲಿ ವೈದ್ಯಕೀಯ ಸ್ನಾತಕೋತ್ತರ ಓದುತ್ತಿದ್ದ ಆದಿವಾಸಿ ಹೆಣ್ಣುಮಗಳು, 2019ರ ಮೇ ತಿಂಗಳಲ್ಲಿ ಅವಳನ್ನೂ ಕಳೆದುಕೊಂಡೆವು. ಆ ಇಬ್ಬರ ತಾಯಂದಿರು ಅದೇ ವರ್ಷ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದರು. ತಮ್ಮ ಮಕ್ಕಳು ಇನ್ನು ಬರೋದಿಲ್ಲ, ಆದರೆ ನಿಮ್ಮ ನಮ್ಮಂಥವರಿಗೆ ಕ್ಯಾಂಪಸ್ಸಿನಲ್ಲಿ ರಕ್ಷಣೆ ಬೇಕು ಅಂತ.

ಇದನ್ನು ಹೆದರಿಸೋದಕ್ಕೆ ಹೇಳುತ್ತಿಲ್ಲ. ದೊಡ್ಡ ಜಾಗಗಳನ್ನು ಅವರಿಗೇ ಬಿಟ್ಟುಕೊಡಿ ಅಂತಲೂ ಅಲ್ಲ. ಹೆಸರಿನ ಗೋಡೆ ನಮ್ಮನ್ನು ಕಾಯೋದಿಲ್ಲ, ಜೊತೆಗಾರರು ಕಾಯುತ್ತಾರೆ. ಎಲ್ಲಿ ಹೋದರೂ ಮೊದಲ ವಾರವೇ ನಮ್ಮವರು ಎಲ್ಲಿ ಕೂಡುತ್ತಾರೆ ಅಂತ ಹುಡುಕಿಕೊಳ್ಳಿ. ಒಬ್ಬರೇ ನುಂಗಿಕೊಳ್ಳಬೇಡಿ. ಮನಸ್ಸು ಕುಸಿದ ದಿನ ಗೆಳೆಯರ ಬಾಗಿಲು ಬಡಿಯಿರಿ, ಅರ್ಧ ರಾತ್ರಿಯಾದರೂ ಸರಿ.

ಕೊಲಂಬಿಯಾದಿಂದ ಔರಂಗಾಬಾದಿಗೆ

ಇನ್ನು ಬಾಬಾಸಾಹೇಬರನ್ನೇ ಕೇಳೋಣ. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಹಿಡಿದು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ. ವೇತನ ಮುಗಿದು ಓದು ಅರ್ಧಕ್ಕೆ ನಿಂತಿತು, ವಾಪಸ್ಸು ಬಂದರು, ದುಡಿದು ದುಡ್ಡು ಕೂಡಿಸಿ 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್ಸಿ. ಮುಗಿಸಿದರು. ಸಿಕ್ಕಿದ ಅತಿ ದೊಡ್ಡ ಬಾಗಿಲನ್ನು ಬಿಡಲಿಲ್ಲ ಅವರು. ಇದು ಒಂದು ಪಾಠ.

ಇನ್ನೊಂದು ಪಾಠವೂ ಇದೆ, ಅದನ್ನು ನಾವು ಓದೋದಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದ ಮೇಲೆ, ಮುಂದಿನ ಕಾಲೇಜಿಗೆ ಅವರು ಆರಿಸಿದ್ದು ಯಾವ ಊರು? ಪುಣೆಯೆ? ದೆಹಲಿಯೆ? ಇಲ್ಲ. ನಿಜಾಮರ ಸಂಸ್ಥಾನದ ಹಿಂದುಳಿದ ಮೂಲೆ ಮರಾಠವಾಡದ ಔರಂಗಾಬಾದು. 1950ರಲ್ಲಿ ಅಲ್ಲಿ ಶುರುವಾದದ್ದೇ ಮಿಲಿಂದ್ ಕಾಲೇಜು. ಆಗ ಆ ಭಾಗಕ್ಕೆ ಒಂದು ವಿಶ್ವವಿದ್ಯಾನಿಲಯವೂ ಇರಲಿಲ್ಲ. ಮರಾಠವಾಡ ವಿಶ್ವವಿದ್ಯಾನಿಲಯ ಬಂದದ್ದು 1958ರಲ್ಲಿ, ಅವರು ತೀರಿಕೊಂಡ ಮೇಲೆ. ಪ್ರಪಂಚದ ದೊಡ್ಡ ಹೆಸರುಗಳನ್ನು ಕಂಡುಬಂದ ಮನುಷ್ಯ ಕಾಲೇಜು ಕಟ್ಟಿದ್ದು ಹೆಸರಿಲ್ಲದ ಕಡೆ, ಯಾಕೆ ಅಂದರೆ ನಮ್ಮ ಜನ ಇದ್ದದ್ದು ಅಲ್ಲಿ.

ಆಮೇಲೆ ಏನಾಯಿತು? ಆ ವಿಶ್ವವಿದ್ಯಾನಿಲಯಕ್ಕೆ ಬಾಬಾಸಾಹೇಬರ ಹೆಸರು ಇಡಬೇಕು ಅಂತ 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನ ನಿರ್ಣಯ ಮಾಡಿದವು. ಕೂಡಲೇ ಮರಾಠವಾಡದ ಹಳ್ಳಿಹಳ್ಳಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಜನ ಸತ್ತರು. ಹೆಸರು ಬಂದದ್ದು 1994ರ ಜನವರಿ 14ರಂದು. ಹದಿನಾರು ವರ್ಷ ಹೋರಾಡಿದರು, ಒಂದು ಹೆಸರಿಗಾಗಿ. ಕ್ಲಾಸಿನ ಮೆಟ್ಟಿಲನ್ನೇ ಹತ್ತದ ಕೂಲಿಯವರು ಹೋರಾಡಿದರು, ತಮ್ಮ ಮೊಮ್ಮಕ್ಕಳು ಹತ್ತುತ್ತಾರೆ ಅಂತ. ನಮಗೆ ಅದೇ ಹೆಸರಿನ ಕೇಂದ್ರ ಜಗಳವಿಲ್ಲದೆ ಸಿಕ್ಕಿತ್ತು. ನಾವು ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಬಚ್ಚಿಟ್ಟೆವು.

ತೀರ್ಮಾನ ಹೇಳಿಬಿಡುತ್ತೇವೆ

ಸುತ್ತಿ ಬಳಸಿದ್ದು ಸಾಕು. ನಮ್ಮ ಮಾತು ಇದು.

ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಸೀಟು ಸಿಕ್ಕಿ, ಅಲ್ಲಿ ಹಾಸ್ಟೆಲ್ಲೂ ಸಿಕ್ಕಿ, ವಿದ್ಯಾರ್ಥಿವೇತನದಲ್ಲಿ ನಡೆಯುತ್ತದೆ ಅಂದರೆ ಹೊರಡು ತಂಗಿ, ಹಿಂದೆ ನೋಡಬೇಡ. ಊರಿನ ಅಭಿಮಾನ ಅಂತ ಯಾರಾದರೂ ತಡೆದರೆ ಕೇಳಬೇಡ. ನಮಗೆ ಚಿಕ್ಕದು ಸಾಕು ಅನ್ನೋದು ಹಳೆಯ ಜೀತದ ಮಾತು. ಆದರೆ ದೊಡ್ಡ ಹೆಸರಿಗಾಗಿ ನೆಲ ಒತ್ತೆ ಇಡಬೇಕು, ಹಾಸ್ಟೆಲಿಲ್ಲದೆ ಯಾರದೋ ರೂಮಿನ ಮೂಲೆಯಲ್ಲಿ ಬದುಕಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು ಅಂದರೆ ಬೇಡ. ಹತ್ತಿರದ ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಸೇರು. ತಲೆ ತಗ್ಗಿಸಿ ಸೇರಬೇಡ, ಪ್ರಶ್ನೆ ಹಿಡಿದು ಸೇರು.

ಯಾವ ಪ್ರಶ್ನೆ? ಐದು ಹೇಳುತ್ತೇವೆ, ಬರೆದುಕೊಳ್ಳಿ.

ಒಂದು: ಈ ವಿಶ್ವವಿದ್ಯಾನಿಲಯ ಯು.ಜಿ.ಸಿ. ಪಟ್ಟಿಯಲ್ಲಿದೆಯೆ? ಕೇಂದ್ರದ ಅನುದಾನ ಪಡೆಯಲು ಬೇಕಾದ 12(ಬಿ) ಮಾನ್ಯತೆ ಸಿಕ್ಕಿದೆಯೆ, ಇಲ್ಲದಿದ್ದರೆ ಅರ್ಜಿ ಹಾಕಿದ್ದಾರೆಯೆ?

ಎರಡು: ನಾನು ಸೇರುವ ವಿಭಾಗದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಯಂ ಮೇಷ್ಟ್ರು ಎಷ್ಟು, ಅತಿಥಿಗಳು ಎಷ್ಟು? ಹುದ್ದೆಯನ್ನೇ ತುಂಬದ ಕಡೆ ರೋಸ್ಟರ್ ಅನ್ನೋದು ಕಾಗದದ ಹೂವು. ಖಾಲಿ ಕುರ್ಚಿಯಲ್ಲಿ ನಮ್ಮ ಪಾಲಿನ ಕುರ್ಚಿಯೂ ಖಾಲಿ ಇದೆ.

ಮೂರು: ಲೈಬ್ರರಿ ರಾತ್ರಿ ಎಷ್ಟು ಹೊತ್ತಿನವರೆಗೆ? ಪುಸ್ತಕ ಮನೆಗೆ ಕೊಡುತ್ತಾರೆಯೆ?

ನಾಲ್ಕು: ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಜಾಗ? ವಿದ್ಯಾರ್ಥಿವೇತನದ ಕಾಗದಪತ್ರ ಕ್ಯಾಂಪಸ್ಸಿನಿಂದ ಯಾವ ತಿಂಗಳು ಮುಂದಕ್ಕೆ ಹೋಗುತ್ತೆ?

ಐದು: ಹೋದ ಮೂರು ವರ್ಷದಲ್ಲಿ ಇಲ್ಲಿಂದ ಎಷ್ಟು ಜನ ನೆಟ್, ಕೆ-ಸೆಟ್ ಮಾಡಿಕೊಂಡರು? ಅಂಕಪಟ್ಟಿ ಪರೀಕ್ಷೆಯಾದ ಎಷ್ಟು ದಿನಕ್ಕೆ ಕೈಗೆ ಬರುತ್ತೆ?

ಇವನ್ನು ಬಾಯಲ್ಲಿ ಕೇಳಿದರೆ 'ನಿನಗ್ಯಾಕೆ' ಅನ್ನುತ್ತಾರೆ. ಕಾಗದದಲ್ಲಿ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಮನೆಯವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಒಂದು ಹಾಸ್ಟೆಲಿನಿಂದ ಒಂದು ಅರ್ಜಿ ಹೋದರೆ ಕಡತದಲ್ಲಿ ಸೇರಿಹೋಗುತ್ತೆ. ಹತ್ತು ಹಾಸ್ಟೆಲಿನಿಂದ ಹತ್ತು ಅರ್ಜಿ ಹೋದರೆ ಕುಲಸಚಿವರ ಕಚೇರಿಯಲ್ಲಿ ಫ್ಯಾನು ಜೋರಾಗಿ ತಿರುಗುತ್ತೆ.

ಮೈಸೂರು, ಬೆಂಗಳೂರು, ಧಾರವಾಡ, ಹೈದರಾಬಾದು ಸೇರಿದ ಅಣ್ಣಂದಿರಿಗೆ ಅಕ್ಕಂದಿರಿಗೆ ಒಂದು ಮಾತು. ನೀವು ದಾಟಿದಿರಿ, ನಮಗೆ ಸಂತೋಷ. ಆದರೆ ದಾಟಿದ ಮೇಲೆ ಹಿಂದಿನವರ ಕ್ಯಾಂಪಸ್ಸನ್ನು ನೋಡಿ ನಗಬೇಡಿ. ನಿಮ್ಮ ನೋಟ್ಸು ಕಳಿಸಿ. ನಿಮ್ಮ ಲೈಬ್ರರಿಯಲ್ಲಿರುವ ಪುಸ್ತಕದ ಪಟ್ಟಿ ಕಳಿಸಿ. ರಜಕ್ಕೆ ಊರಿಗೆ ಬಂದಾಗ ಒಂದು ಭಾನುವಾರ ಹಾಸ್ಟೆಲಿಗೆ ಬಂದು ನೆಟ್ ಪತ್ರಿಕೆ ಬಿಡಿಸೋದು ಹೇಗೆ ಅಂತ ಹೇಳಿಕೊಡಿ. ನಿಮ್ಮ ಕ್ಯಾಂಪಸ್ಸಿನ ಹೆಸರು ನಿಮ್ಮೊಬ್ಬರ ಅಂಗಿಯ ಮೇಲೆ ಮಾತ್ರ ಹೊಳೆದರೆ ಏನು ಬಂತು?

ಮುಚ್ಚುತ್ತೇವೆ ಅನ್ನುವವರಿಗೂ ಒಂದು ಮಾತು. ಕಾಲೇಜು ಕಡಿಮೆ, ದುಡ್ಡು ಕಡಿಮೆ ಅಂತ ಲೆಕ್ಕ ಹಾಕಿದಿರಿ. ಆ ಕ್ಲಾಸಿನಲ್ಲಿ ಕೂತವರಲ್ಲಿ ಎಷ್ಟು ಜನ ತಮ್ಮ ವಂಶದಲ್ಲೇ ಮೊದಲ ಸಲ ಎಂ.ಎ. ಓದುತ್ತಿದ್ದಾರೆ ಅನ್ನುವ ಲೆಕ್ಕ ಹಾಕಿದಿರಾ? ಅದನ್ನೂ ತೆಗೆದು ತಕ್ಕಡಿಗೆ ಹಾಕಿ, ಆಮೇಲೆ ಮಾತಾಡೋಣ.

ಕೊನೆಗೆ, ಆ ತಂಗಿ. ಅವತ್ತು ನಮ್ಮ ಗೆಳೆಯ ನಕ್ಕ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವಳು ಕೇಳಿದಳು: 'ಅಣ್ಣ, ನೀವು ಎಲ್ಲಿ ಓದಿದ್ದು?' ನಮ್ಮ ಬಾಯಿಗೆ ಹಳೆಯ ಅಭ್ಯಾಸದಿಂದ ಮೈಸೂರು ಅಂತಲೇ ಬಂತು. ತಡೆದೆವು. 'ಚಾಮರಾಜನಗರ ಕಣಮ್ಮ. ಅಂಬೇಡ್ಕರ್ ಹೆಸರಿನ ಪಿ.ಜಿ. ಸೆಂಟರು' ಅಂದೆವು. ಅವಳು ಪುಸ್ತಕ ತೆರೆದು ಅರ್ಜಿಯ ಮಡಿಕೆ ಬಿಡಿಸಿ, ಪೆನ್ನು ಕೇಳಿದಳು.

ಪೆನ್ನು ಕೊಟ್ಟಿದ್ದೇವೆ. ಎಲ್ಲಿ ಸೇರುತ್ತಾಳೋ ಅದು ಅವಳ ತೀರ್ಮಾನ. ಐದು ಪ್ರಶ್ನೆಯ ಕಾಗದ ಮುಂದಿನ ಸಭೆಗೆ ಪ್ರತಿ ಹಾಸ್ಟೆಲಿನಿಂದಲೂ ಬರಬೇಕು, ಉತ್ತರದ ಸಮೇತ. ಅದು ನಮ್ಮೆಲ್ಲರ ಕೆಲಸ.